ಡೆನ್ವರ್‌ನಿಂದ ಗ್ರ್ಯಾಂಡ್ ಜಂಕ್ಷನ್‌ಗೆ: ಹತ್ತೋದು ಬಿಡು, ಇಳಿಯೋದು ಕೇಳು

ಪ್ರೀತಿಯ ಗೆಳೆಯಾ,

ಅಕ್ಟೋಬರ್ ಮೊದಲ ವಾರ ಅಪ್ಪ ಅಮ್ಮನ್ನ ಕೂರಿಸಿಕೊಂಡು ಅಮೆರಿಕದ ಕೊಲರಾಡೊದ ಐ-70 ಹೆದ್ದಾರಿಯಲ್ಲಿ ಹೋಗ್ತೀನಿ, ಬಾಡಿಗೆ ಕಾರು ಅಷ್ಟು ಎತ್ತರ ಹತ್ತುತ್ತಾ ಅಂತ ಕೇಳಿದ್ದೀಯ. ಹತ್ತುತ್ತೆ. ಎತ್ತರದಲ್ಲಿ ಗಾಳಿ ತೆಳು, ಟರ್ಬೊ ಇಲ್ಲದ ಎಂಜಿನ್ನು ಸಾವಿರ ಅಡಿಗೆ ಸುಮಾರು ನೂರಕ್ಕೆ ಮೂರರಷ್ಟು ಶಕ್ತಿ ಕಳಕೊಳ್ಳುತ್ತೆ, ಅಷ್ಟೇ. ಬಲಬದಿ ಲೇನ್ ಹಿಡಿದು ನಿಧಾನಕ್ಕೆ ಹತ್ತು. ಪೆಟ್ರೋಲ್ ಹಾಕಿಸುವಾಗ ಒಂದು ನೋಡ್ಕೊ: ಅಲ್ಲಿ ‘ರೆಗ್ಯುಲರ್’ ಅಂದ್ರೆ ಬಹಳ ಕಡೆ 85 ಆಕ್ಟೇನ್ (ಪೆಟ್ರೋಲಿನ ದರ್ಜೆಯ ಸಂಖ್ಯೆ). ನಿನ್ನ ಕಾರಿಗೆ 87 ಬೇಕು ಅಂತಿದ್ದರೆ ಪಕ್ಕದ ಬಟನ್ ಒತ್ತು.

ಕಷ್ಟ ಇರೋದು ಇಳಿಯೋದರಲ್ಲಿ. ಪಶ್ಚಿಮಕ್ಕೆ ಹೋಗುವಾಗ ದೊಡ್ಡ ಇಳಿಜಾರು ಮೂರು: ಫ್ಲಾಯ್ಡ್ ಹಿಲ್, ಐಸೆನ್‌ಹೋವರ್ ಸುರಂಗದ ಆಚೆ ಬದಿ, ವೇಲ್ ಪಾಸ್ ಅನ್ನೋ ಘಾಟಿಯ ಆಚೆ ಬದಿ. ಮಧ್ಯದ್ದೇ ಎಲ್ಲಕ್ಕಿಂತ ಕೆಟ್ಟದ್ದು. ಸುರಂಗ 11,158 ಅಡಿ ಎತ್ತರದಲ್ಲಿದೆ, ಇಡೀ ಇಂಟರ್‌ಸ್ಟೇಟ್ (ಅಂತರರಾಜ್ಯ ಹೆದ್ದಾರಿ) ಜಾಲದಲ್ಲೇ ಅತಿ ಎತ್ತರದ ಜಾಗ. ಉದ್ದ 1.7 ಮೈಲಿ. ನೀನು ಹೋಗೋ ಕೊಳವೆ 1973ರಲ್ಲಿ ತೆರೆದದ್ದು; ಡೆನ್ವರ್ ಕಡೆಗೆ ಬರುವವರದ್ದು 1979ರದ್ದು. ಕತ್ತಲಿಂದ ಹೊರಗೆ ಬಂದ ಕೂಡಲೇ ಬಿಸಿಲು ಕಣ್ಣಿಗೆ ಹೊಡೆಯುತ್ತೆ, ರಸ್ತೆ ಶೇ. 7ರ ಇಳಿಜಾರಿನಲ್ಲಿ ಸಿಲ್ವರ್‌ಥಾರ್ನ್‌ವರೆಗೆ ಸುಮಾರು 8 ಮೈಲಿ ಒಂದೇ ಸಮ ಇಳಿಯುತ್ತೆ. ಅಗಲ ರಸ್ತೆ, ನುಣುಪು ಡಾಂಬರು, ಹಾಗಾಗಿ ಇಳಿತಾ ಇದ್ದೀವಿ ಅಂತಲೇ ಗೊತ್ತಾಗಲ್ಲ. ಸ್ಪೀಡೋಮೀಟರ್ ನೋಡಿದರೆ ಗಂಟೆಗೆ 80 ಮೈಲಿ.

ಸುರಂಗದೊಳಗೆ ವೇಗದ ಮಿತಿ ಗಂಟೆಗೆ 50 ಮೈಲಿ. ಹೊರಬರೋ ಮುಂಚೆಯೇ ಕ್ರೂಸ್ ಕಂಟ್ರೋಲ್ ತೆಗೆದು, ಗೇರನ್ನ ಮ್ಯಾನ್ಯುಯಲ್ ಮೋಡಿಗೆ ಹಾಕಿ ಒಂದೋ ಎರಡೋ ಗೇರು ಇಳಿಸು. ಶಿರಾಡಿ ಘಾಟಿಯಲ್ಲಿ ನಮ್ಮ ಲಾರಿಯವರು ಹೇಳೋದು ಇಲ್ಲೂ ಸರಿಯೇ: ಹತ್ತೋಕೆ ಬೇಕಾದ ಗೇರಲ್ಲೇ ಇಳಿ. ಎಂಜಿನ್ನು 3,500 ಆರ್‌ಪಿಎಂನಲ್ಲಿ ಕಿರುಚಿದರೆ ಅಮ್ಮ ಗಾಬರಿ ಆಗಬಹುದು, ನೀನಾಗಬೇಡ. ಆಕ್ಸಿಲರೇಟರ್ ಬಿಟ್ಟಿರುವಾಗ ಅದು ಪೆಟ್ರೋಲನ್ನೂ ಕುಡಿಯಲ್ಲ. ಆಮೇಲೂ ವೇಗ ಏರಿದರೆ 60ರ ಹತ್ತಿರ ಬಂದಾಗ ಬ್ರೇಕನ್ನ ಗಟ್ಟಿಯಾಗಿ ಮೂರ್ನಾಲ್ಕು ಸೆಕೆಂಡ್ ಒತ್ತಿ 50ಕ್ಕೆ ತಂದು, ಪೂರ್ತಿ ಬಿಡು. ಮತ್ತೆ ಏರಲಿ, ಮತ್ತೆ ಒತ್ತು. ಪೆಡಲ್ ಮೇಲೆ ಕಾಲನ್ನ ಹಗುರಾಗಿ ಇಟ್ಟುಕೊಂಡೇ ಇಳಿಯೋದು ಇದೆಯಲ್ಲ, ಅದೇ ತಪ್ಪು. ಪ್ಯಾಡು, ಡಿಸ್ಕು ತಣಿಯೋಕೆ ಬಿಡುವೇ ಸಿಗಲ್ಲ. ಹಳೇ ಬ್ರೇಕ್ ಆಯಿಲ್‌ನಲ್ಲಿ ನೀರಿನ ಅಂಶ ಸೇರಿರುತ್ತೆ, ಅದು ಕುದ್ದು ಆವಿಯಾದರೆ ಪೆಡಲ್ ಸ್ಪಂಜಿನ ಹಾಗೆ ಒಳಗೆ ಹೋಗುತ್ತೆ. ಸುಟ್ಟ ವಾಸನೆ ಬಂದರೆ ಸಿಲ್ವರ್‌ಥಾರ್ನ್‌ನ 205ನೇ ಎಕ್ಸಿಟ್‌ನಲ್ಲಿ ಇಳಿದು ಅರ್ಧ ಗಂಟೆ ನಿಲ್ಲಿಸು. ಚಕ್ರಕ್ಕೆ ನೀರು ಮಾತ್ರ ಹೊಯ್ಯಬೇಡ, ಕಾದ ಡಿಸ್ಕು ಸೊಟ್ಟಗಾಗುತ್ತೆ.

ದಾರಿಯ ಪಕ್ಕ ಜಲ್ಲಿ ತುಂಬಿದ ಏರು ರ‍್ಯಾಂಪ್‌ಗಳು ಕಾಣಿಸ್ತವೆ, ಬ್ರೇಕ್ ಹೋದ ಲಾರಿಗಳಿಗೆ ಅಂತ ಮಾಡಿದ್ದು. ಫೋಟೊ ತೆಗೆಯೋಕೆ ಅದರ ಬಾಯಲ್ಲಿ ಕಾರು ನಿಲ್ಲಿಸೋ ಪುಣ್ಯಾತ್ಮರಿದ್ದಾರೆ. ಎಲೆಕ್ಟ್ರಿಕ್ ಕಾರು ಸಿಕ್ಕರೆ ವೇಲ್ ಪಾಸ್‌ಗೆ ಮುಂಚೆ ಬ್ಯಾಟರಿ ಪೂರ್ತಿ ತುಂಬಿಸಬೇಡ. ತುಂಬಿದ ಬ್ಯಾಟರಿಗೆ ಇಳಿಜಾರಿನ ಕರೆಂಟು ಹಿಡಿಯೋಕೆ ಜಾಗ ಇರಲ್ಲ.

ಎಕ್ಸಿಟ್ ಸಂಖ್ಯೆಗಳು ಯೂಟಾ ಗಡಿಯಿಂದ ಎಣಿಸಿದ ಮೈಲಿಗಳು. ಡೆನ್ವರ್‌ನಲ್ಲಿ ಐ-25 ಕೂಡುವ ಜಾಗ 274, ಗ್ಲೆನ್‌ವುಡ್ ಸ್ಪ್ರಿಂಗ್ಸ್ 116. ಕಳೆದರೆ ದೂರ ಸಿಕ್ಕಿತು, ಜಿಪಿಎಸ್ ಬೇಡ. ಆ ಐ-25 ಕೂಡುದಾರಿಗೆ ಊರವರು ‘ಮೌಸ್‌ಟ್ರ್ಯಾಪ್’ ಅಂತಾರೆ, ಇಲಿಬೋನೇ ಸರಿ. ಬೆಳಿಗ್ಗೆ ಆರರೊಳಗೆ ದಾಟಿಬಿಡು. ಶನಿವಾರ ಬೆಳಿಗ್ಗೆ ಪಶ್ಚಿಮಕ್ಕೆ, ಭಾನುವಾರ ಮಧ್ಯಾಹ್ನ ಪೂರ್ವಕ್ಕೆ ಹೋಗೋದನ್ನ ತಪ್ಪಿಸು. ಐಡಾಹೊ ಸ್ಪ್ರಿಂಗ್ಸ್ ಹತ್ತಿರದ ಎಡಬದಿಯ ಟೋಲ್ ಲೇನ್ ರಶ್ಶಿನ ವೇಳೆ ಮಾತ್ರ ತೆರೆಯುತ್ತೆ. ಮೇಲೆ ಕೆಂಪು ಅಡ್ಡಗುರುತು ಇದ್ದರೆ ನುಗ್ಗಬೇಡ.

ಡಾಟ್ಸೆರೊ ದಾಟಿದರೆ ಗ್ಲೆನ್‌ವುಡ್ ಕಣಿವೆ, 12 ಮೈಲಿ ಚಿಲ್ಲರೆ. ಇಲ್ಲಿ ಇಳಿಜಾರಿನ ಚಿಂತೆ ಇಲ್ಲ, ತಿರುವುಗಳದ್ದು. ಮಿತಿ 50. ಜಾಗ ಸಾಲದೆ ಎರಡು ದಿಕ್ಕಿನ ರಸ್ತೆಯನ್ನ ಮೆಟ್ಟಿಲಿನ ಹಾಗೆ ಒಂದರ ಮೇಲೊಂದು ಕೂರಿಸಿದ್ದಾರೆ, ಕೆಳಗೆ ಕೊಲರಾಡೊ ನದಿ. 1992ರಲ್ಲಿ ಮುಗಿದ ಕೆಲಸ. ನೋಡೋ ಆಸೆಯಾದರೆ 121ನೇ ಎಕ್ಸಿಟ್, ಗ್ರಿಜ್ಲಿ ಕ್ರೀಕ್‌ನಲ್ಲಿ ನಿಲ್ಲು, ಓಡಿಸ್ತಾ ನೋಡಬೇಡ.

ಈ ಕಣಿವೆ ಆಗಾಗ ಮುಚ್ಚುತ್ತೆ. 2020ರ ಆಗಸ್ಟ್‌ನಲ್ಲಿ ಕಾಡ್ಗಿಚ್ಚು ಮರ ಪೊದೆ ಸುಟ್ಟಿತು, ಮಣ್ಣು ಹಿಡಿಯೋ ಬೇರು ಉಳೀಲಿಲ್ಲ. ಮುಂದಿನ ಬೇಸಿಗೆಯ ಮಳೆಗೆ ಗುಡ್ಡ ಕೆಸರಾಗಿ ಹೆದ್ದಾರಿಗೇ ಇಳಿದು ಎರಡು ವಾರ ಬಂದ್. ಈಗಲೂ ಜೋರು ಮಳೆಯ ಮುನ್ಸೂಚನೆ ಇದ್ದರೆ ಗೇಟು ಹಾಕಬಹುದು. ಆಗ ಫೋನಿನ ನಕ್ಷೆ ಜಿಪ್ಸಮ್ ಕಡೆಯಿಂದ ಕಾಟನ್‌ವುಡ್ ಪಾಸ್ ಹತ್ತಿಸೋಕೆ ನೋಡುತ್ತೆ. ಕಿರಿದಾದ ದಾರಿ, ಕೆಲವು ಕಡೆ ಡಾಂಬರಿಲ್ಲ, ಹೋಗಬೇಡ. ಸರಿಯಾದ ಬಳಸುದಾರಿ ಸಿಲ್ವರ್‌ಥಾರ್ನ್‌ನಿಂದ ಉತ್ತರಕ್ಕೆ, ಕ್ರೆಮ್ಲಿಂಗ್, ಸ್ಟೀಮ್‌ಬೋಟ್, ಕ್ರೇಗ್ ಮೇಲಿಂದ ರೈಫಲ್‌ಗೆ. ಗಂಟೆಗಟ್ಟಲೆ ಹೆಚ್ಚು. ಅದಕ್ಕೇ ಸಿಲ್ವರ್‌ಥಾರ್ನ್‌ನಲ್ಲಿ ಕಾಫಿ ಕುಡೀತಾ ಸಿಒಟ್ರಿಪ್ (ಕೊಲರಾಡೊ ರಸ್ತೆಗಳ ಸ್ಥಿತಿ ತಿಳಿಸೋ ಸರ್ಕಾರಿ ತಾಣ) ನೋಡು. ಅಲ್ಲಿಂದ ಮುಂದೆ ಹೋದಮೇಲೆ ಗೊತ್ತಾದರೆ ವೇಲ್ ಪಾಸನ್ನ ವಾಪಸ್ ಹತ್ತಬೇಕಾಗಬಹುದು.

ಕೊನೆಗೆ ಟೈರು. ಸೆಪ್ಟೆಂಬರ್ 1ರಿಂದ ಮೇ 31ರವರೆಗೆ ಮಾರಿಸನ್‌ನಿಂದ ಡಾಟ್ಸೆರೊವರೆಗೆ ಟೈರಿನ ಕಾನೂನು ಜಾರಿಯಲ್ಲಿರುತ್ತೆ: ಗೀರಿನ ಆಳ 3/16 ಇಂಚು, ಅಂದರೆ ಹೆಚ್ಚೂಕಡಿಮೆ 5 ಮಿ.ಮೀ., ಪಕ್ಕದಲ್ಲಿ ‘ಎಂ+ಎಸ್’ (ಕೆಸರು, ಹಿಮಕ್ಕೆ ಅಂತ) ಗುರುತು. ಇಲ್ಲದಿದ್ದರೆ ಎರಡು ಚಕ್ರದ ಚಾಲನೆಯ ಕಾರಿನಲ್ಲಿ, ಹಿಮದಲ್ಲಿ ಜಾರದಂತೆ ಟೈರಿಗೆ ಸುತ್ತೋ ಚೈನ್ ಇಟ್ಟುಕೊಂಡಿರಬೇಕು. ಬಾಡಿಗೆ ಕರಾರುಗಳು ಚೈನ್ ಹಾಕೋದನ್ನ ಒಪ್ಪದಿರೋದೇ ಹೆಚ್ಚು. ಅಕ್ಟೋಬರ್‌ನಲ್ಲಿ ಹಿಮ ಬೀಳೋದು ಅಲ್ಲಿ ಹೊಸತಲ್ಲ. ಕೌಂಟರ್‌ನಲ್ಲಿ ಸಹಿ ಹಾಕೋ ಮುಂಚೆ ಕಾರಿನ ಸುತ್ತ ಒಂದು ಸುತ್ತು ಹಾಕಿ ನಾಲ್ಕೂ ಟೈರಿನ ಫೋಟೊ ಕಳಿಸು, ನೋಡಿ ಹೇಳ್ತೀನಿ.

ನಿನ್ನ,
ಗೆಳೆಯ