ಟ್ರಿಪ್ ನಿಲ್ಲಿಸಲು ಅರ್ಥ್ ವೈರ್ ಬಿಚ್ಚಿಟ್ಟು ಹೋದ ಬಗ್ಗೆ ದೂರು

ಗೆ,
ವ್ಯವಸ್ಥಾಪಕರು,
ಗ್ರಾಹಕ ಸೇವಾ ವಿಭಾಗ

ವಿಷಯ: ಕುವೆಂಪುನಗರದ ನಮ್ಮ ಮನೆಯಲ್ಲಿ ನಿಮ್ಮ ಎಲೆಕ್ಟ್ರಿಷಿಯನ್ ಮಾಡಿದ ಅಪಾಯದ ಕೆಲಸ

ಮಾನ್ಯರೇ,

ಕಳೆದ ಮಂಗಳವಾರ ಬೆಳಿಗ್ಗೆ ಗೀಸರ್ ಹಾಕಿದ ಕೂಡಲೇ ಮನೆಯ ಕರೆಂಟ್ ಪೂರ್ತಿ ಹೋಯಿತು. ಮನೆಯ ಸ್ವಿಚ್ಚುಗಳಿರುವ ಡಿಬಿ ಬಾಕ್ಸ್ ನೋಡಿದರೆ ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ತಾನಾಗೇ ಆಫ್ ಆಗುವ ಸ್ವಿಚ್, ಟ್ರಿಪ್ ಆಗಿ ಬಿದ್ದಿತ್ತು. ಎತ್ತಿದೆ, ಮತ್ತೆ ಬಿತ್ತು. ನಿಮಗೆ ಫೋನ್ ಮಾಡಿದೆ. ಫೋನ್ ಎತ್ತಿದ ನಿಮ್ಮ ಹುಡುಗಿ ಹೇಳಿದ್ದು, "ನಾಲ್ಕೈದು ಸಲ ಎತ್ತಿ ನೋಡಿ ಸರ್, ನಿಲ್ಲುತ್ತೆ." ಗೀಸರ್ ಸ್ವಿಚ್ ಆಫ್ ಮಾಡಿ, ಬಚ್ಚಲುಮನೆಗೆ ಯಾರೂ ಹೋಗಬೇಡಿ ಎಂಬ ಒಂದು ಮಾತು ಬರಲಿಲ್ಲ. ಆಕೆಯ ಮೇಲೆ ನನಗೆ ಕೋಪವಿಲ್ಲ. ಏನು ಹೇಳಬೇಕು ಅಂತ ನೀವು ಕಲಿಸಿಲ್ಲ, ಅಷ್ಟೇ.

ಮಧ್ಯಾಹ್ನ ನಿಮ್ಮ ಎಲೆಕ್ಟ್ರಿಷಿಯನ್ ಬಂದರು. ಹತ್ತು ನಿಮಿಷದಲ್ಲಿ ಕೆಲಸ ಮುಗಿಸಿದರು. "ಈ ಆರ್‌ಸಿಸಿಬಿ ಸುಮ್ನೆ ಬೀಳುತ್ತೆ, ಜಾಸ್ತಿ ಸೆನ್ಸಿಟಿವ್, ಮುಂದಿನ ಸಲ ತೆಗೆಸಿಬಿಡಿ" ಅಂದರು. ಗೀಸರ್ ಹಾಕಿದರು, ಬೀಳಲಿಲ್ಲ. 450 ರೂಪಾಯಿ ಕೊಟ್ಟೆವು.

ಮರುದಿನ ಬೆಳಿಗ್ಗೆ ಅಮ್ಮ ಸ್ನಾನಕ್ಕೆ ಹೋದರು. ಅವರಿಗೆ 71 ವರ್ಷ. ಬಿಸಿನೀರಿನ ನಲ್ಲಿ ಮುಟ್ಟಿದ್ದೇ ತಡ, ಕಿರುಚಿದರು. ನನ್ನ ಹೆಂಡತಿ ಒಳಗೆ ನುಗ್ಗಿ ಅಮ್ಮನ ಕೈ ಹಿಡಿಯುವವಳಿದ್ದಳು. ನಾನು "ಮುಟ್ಟಬೇಡ!" ಎಂದು ಕೂಗಿ ಮೇನ್ ಸ್ವಿಚ್ ಕಡೆ ಓಡಿದೆ. ಅಷ್ಟರಲ್ಲಿ ಕರೆಂಟ್ ತಾನಾಗೇ ಹೋಗಿತ್ತು. ನಿಮ್ಮವರು ತೆಗೆಸಿ ಅಂದಿದ್ದರಲ್ಲ, ಅದೇ ಆರ್‌ಸಿಸಿಬಿ ಬಿದ್ದು ಅಮ್ಮನನ್ನು ಉಳಿಸಿತ್ತು. ಆಸ್ಪತ್ರೆಯಲ್ಲಿ ಇಸಿಜಿ ಮಾಡಿಸಿದೆವು. ದೇವರ ದಯೆ, ಏನೂ ಆಗಿಲ್ಲ. ಆದರೆ ಅಮ್ಮ ಈಗಲೂ ನಲ್ಲಿ ತಿರುಗಿಸಲು ನನ್ನನ್ನು ಕರೆಯುತ್ತಾರೆ.

ಪಕ್ಕದ ಬೀದಿಯಲ್ಲಿ ವೈರ್‌ಮನ್ ಪರ್ಮಿಟ್ ಇರುವ ಹಿರಿಯರೊಬ್ಬರಿದ್ದಾರೆ. ಅವರನ್ನು ಕರೆಸಿದೆ. ಮೊದಲು ಮೇನ್ ಆಫ್ ಮಾಡಿದರು, ಟೆಸ್ಟರ್ ಇಟ್ಟು ಕರೆಂಟ್ ಇಲ್ಲ ಅಂತ ಖಾತ್ರಿ ಮಾಡಿಕೊಂಡರು, ಆಮೇಲೆ ಗೀಸರ್ ಪ್ಲಗ್ ಬಿಚ್ಚಿದರು. ಹಸಿರು ಅರ್ಥ್ ವೈರನ್ನು ಕಿತ್ತು, ತುದಿಗೆ ಟೇಪ್ ಸುತ್ತಿ ಒಳಗೆ ತುರುಕಲಾಗಿತ್ತು!

ನನಗೆ ಅವರು ಬಿಡಿಸಿ ಹೇಳಿದ್ದು ಹೀಗೆ. ಬೋರ್ ನೀರಿನ ಉಪ್ಪು ಕಟ್ಟಿ ಗೀಸರಿನ ಕಾಯಿಲ್ ಸೀಳಿದೆ, ಕರೆಂಟ್ ನೀರಿಗೆ ಸೋರುತ್ತಿದೆ. ಅರ್ಥ್ ಇದ್ದಾಗ ಆ ಸೋರಿಕೆ ಭೂಮಿಗೆ ಹೋಗುತ್ತಿತ್ತು. 30 ಮಿಲಿಆಂಪ್ಸ್ ಸೋರುವ ಹೊತ್ತಿಗೆ ಆರ್‌ಸಿಸಿಬಿ ಬೀಳಬೇಕು, ಬೀಳುತ್ತಿತ್ತು. ಅರ್ಥ್ ಕಿತ್ತ ಮೇಲೆ ಕರೆಂಟಿಗೆ ದಾರಿ ಸಿಗದೆ ನಲ್ಲಿಯಲ್ಲೇ ಕಾದು ಕೂತಿತ್ತು. ದಾರಿಯಾದದ್ದು ನಮ್ಮ ಅಮ್ಮನ ಮೈ. ಗೀಸರಿಗೆ 16 ಆಂಪ್ಸ್ ಎಂಸಿಬಿ ಅನ್ನುವ ಇನ್ನೊಂದು ಸ್ವಿಚ್ ಬೇರೆ ಇದೆ. ಆದರೆ ಅದು ವೈರ್ ಸುಡದಂತೆ ಕಾಯುವುದು. ಮನುಷ್ಯನನ್ನು ಕೊಲ್ಲುವಷ್ಟು ಕರೆಂಟ್ ಅದರ ಲೆಕ್ಕಕ್ಕೇ ಬರುವುದಿಲ್ಲ. ಇಷ್ಟು ಸಣ್ಣ ವಿಷಯ ನೀವು ಕಳಿಸಿದವರಿಗೆ ಗೊತ್ತಿರಬೇಕಿತ್ತು, ಅಲ್ವಾ?

ನಾನು ಕೊಟ್ಟ 450, ಹೊಸ ಕಾಯಿಲ್ ಮತ್ತು ಆಸ್ಪತ್ರೆಯ ಖರ್ಚು ವಾಪಸ್ ಕೊಡಿ. ಬಿಲ್‌ಗಳು, ಪ್ಲಗ್ಗಿನ ಫೋಟೋ ಇದರ ಜೊತೆಗಿವೆ. ಫೋನ್ ಎತ್ತುವವರಿಗೆ ಮೂರೇ ಮಾತು ಕಲಿಸಿ. ಟ್ರಿಪ್ ಮತ್ತೆ ಬಿದ್ದರೆ ಎತ್ತಬೇಡಿ, ಆ ಸಾಮಾನಿನ ಸ್ವಿಚ್ ಆಫ್ ಮಾಡಿ ಎಲೆಕ್ಟ್ರಿಷಿಯನ್ ಬರುವವರೆಗೆ ಕಾಯಿರಿ ಅನ್ನಲಿ. ಶಾಕ್ ಹೊಡೆದವರನ್ನು ಕೈಯಿಂದ ಎಳೆಯಬೇಡಿ, ಮೊದಲು ಮೇನ್ ಆಫ್ ಮಾಡಿ ಅನ್ನಲಿ. ಕಂಬದಲ್ಲೋ ಮೀಟರಿನಲ್ಲೋ ಕಿಡಿ ಬಂದರೆ ಅದು ನಮ್ಮ ಕೆಲಸವಲ್ಲ, ವಿದ್ಯುತ್ ಕಂಪನಿಯ ಸಹಾಯವಾಣಿ 1912ಕ್ಕೆ ಫೋನ್ ಮಾಡಿ ಅಂತ ತಿಳಿಸಲಿ. 15 ದಿನದಲ್ಲಿ ಉತ್ತರ ಬರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇನೆ.

ದುಡ್ಡಿನ ಮಾತು ಆಮೇಲೆ ಆಗಲಿ. ಅವತ್ತು ನಿಮ್ಮ ಎಲೆಕ್ಟ್ರಿಷಿಯನ್ ನಮ್ಮ ಮನೆಯಿಂದ ಹೊರಡುವಾಗ "ಇನ್ನೂ ಮೂರು ಮನೆ ಇದೆ" ಅಂದಿದ್ದರು. ಆ ಮನೆಗಳ ವಿಳಾಸ ನಿಮ್ಮ ಹತ್ತಿರ ಇದೆ. ದಯವಿಟ್ಟು ಇವತ್ತೇ ಅವರಿಗೆ ಫೋನ್ ಮಾಡಿ. ಗೀಸರ್ ಹಾಕಬೇಡಿ ಎಂದು ಹೇಳಿ, ಕೆಲಸ ಗೊತ್ತಿರುವವರನ್ನು ಕಳಿಸಿ ಪ್ಲಗ್ ಬಿಚ್ಚಿಸಿ ನೋಡಿಸಿ.

ಇಂತಿ,
ನಿಮ್ಮ ಗ್ರಾಹಕ
ಕುವೆಂಪುನಗರ, ಮೈಸೂರು