ಹೋಮ್ ನರ್ಸ್‌ಗೂ ವಾರದ ರಜೆ ಬೇಕು

ಮಾನ್ಯರೇ,

ಹನ್ನೊಂದು ವರ್ಷಗಳಿಂದ ಬೆಂಗಳೂರಿನ ಮನೆಗಳಲ್ಲಿ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುತ್ತಿದ್ದೇನೆ. ಜನ ಹೋಮ್ ನರ್ಸ್ ಎನ್ನುತ್ತಾರೆ. ನರ್ಸಿಂಗ್ ಓದಿದವಳಲ್ಲ, ಮಾಡುತ್ತಾ ಕಲಿತವಳು. ಈಗ ಜಯನಗರದ ಮನೆಯೊಂದರಲ್ಲಿ ಲಕ್ವ ಹೊಡೆದ ಎಂಬತ್ತೆರಡರ ಅಜ್ಜಿಯ ಜೊತೆಗಿದ್ದೇನೆ. ಇಪ್ಪತ್ತನಾಲ್ಕು ಗಂಟೆ ಡ್ಯೂಟಿ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಹಾಗಾಗಿ ರಾತ್ರಿ ಹನ್ನೆರಡಕ್ಕೆ, ಎರಡಕ್ಕೆ, ನಾಲ್ಕಕ್ಕೆ ಅಲಾರಾಂ. ಒಂದು ಕೈ ಹೆಗಲ ಕೆಳಗೆ, ಇನ್ನೊಂದು ಸೊಂಟದ ಕೆಳಗೆ ಕೊಟ್ಟು ಹೊರಳಿಸಿ, ಮೊಣಕಾಲುಗಳ ನಡುವೆ ದಿಂಬಿಟ್ಟು, ಹಿಮ್ಮಡಿ ಹಾಸಿಗೆಗೆ ತಾಗದಂತೆ ಇರಿಸಬೇಕು. ಅಷ್ಟರಲ್ಲಿ ಅಜ್ಜಿಗೆ ಎಚ್ಚರವಾಗಿ, ಸ್ವಾಧೀನವಿರುವ ಎಡಗೈಯಿಂದ ನನ್ನ ಬಳೆ ಹಿಡಿದುಕೊಳ್ಳುತ್ತಾರೆ. ಬಿಡಿಸಿಕೊಳ್ಳಲು ಮನಸ್ಸು ಬಾರದು. ಒಂದೂವರೆ ವರ್ಷದಲ್ಲಿ ಅವರ ಬೆನ್ನಿಗೆ ಒಂದು ಗಾಯವಾಗಿಲ್ಲ.

ಕಳೆದ ಆಷಾಢದಲ್ಲಿ ನನ್ನ ಬಿಪಿ ಮಾತ್ರೆ ಮುಗಿದು ಒಂಬತ್ತು ದಿನ ಹಾಗೆಯೇ ಇದ್ದೆ. ಔಷಧದ ಅಂಗಡಿ ಬೀದಿಯ ತುದಿಯಲ್ಲೇ ಇದೆ. ಆದರೆ ಅಜ್ಜಿಯನ್ನು ಒಬ್ಬರನ್ನೇ ಬಿಟ್ಟು ಹೇಗೆ ಹೋಗಲಿ? ಮನೆಯವರಿಗೆ ಹೇಳಲು ಸಂಕೋಚ. ಹತ್ತನೆಯ ದಿನ ಅಜ್ಜಿಯನ್ನು ಸ್ನಾನದ ಕುರ್ಚಿಗೆ ಕೂರಿಸುವಾಗ ಕಣ್ಣು ಕತ್ತಲಿಟ್ಟಿತು. ಒದ್ದೆ ನೆಲದ ಮೇಲೆ ಅವರನ್ನು ತಬ್ಬಿಕೊಂಡು ಗೋಡೆಗೆ ಒರಗಿ ನಿಂತೆ. ನಾನು ಬಿದ್ದಿದ್ದರೆ ಅವರ ಸೊಂಟದ ಮೂಳೆ ಉಳಿಯುತ್ತಿರಲಿಲ್ಲ.

ರಜೆ ಕೇಳಿದರೆ ಏಜೆನ್ಸಿಯವರು ‘ಬದಲಿಗೆ ಜನ ಇಲ್ಲ, ಹೋದರೆ ಸಂಬಳ ಕಟ್’ ಎನ್ನುತ್ತಾರೆ. ಮನೆಯವರು ಒಳ್ಳೆಯವರು. ಹಬ್ಬಕ್ಕೆ ಸೀರೆ ಕೊಡುತ್ತಾರೆ, ‘ನೀನು ಮನೆಮಗಳಿದ್ದ ಹಾಗೆ’ ಎನ್ನುತ್ತಾರೆ. ಹಾಗೆಂದ ಮೇಲೆ ರಜೆ ಕೇಳಲು ಬಾಯಿಯೇ ಬರುವುದಿಲ್ಲ.

ಕಾರ್ಖಾನೆಯ ಕೆಲಸಗಾರರಿಗೆ 1948ರ ಕಾಯ್ದೆಯೇ ವಾರದ ರಜೆ ಕೊಟ್ಟಿತ್ತು. ಮನೆಗೆಲಸದವರಿಗೂ ವಾರಕ್ಕೊಮ್ಮೆ ಸತತ 24 ಗಂಟೆ ಬಿಡುವು ಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2011ರ ಒಪ್ಪಂದದಲ್ಲಿ ಹೇಳಿದೆ. ಹಾಗಿದ್ದೂ ನನ್ನಂಥವರ ಒಂದು ಭಾನುವಾರ ಇನ್ನೊಬ್ಬರ ದಯೆಯ ಮೇಲೆ ನಿಂತಿದೆ. ಮನಸ್ಸು ಕುಗ್ಗಿದಾಗ ಟೆಲಿ ಮಾನಸ್ ಎಂಬ ಸರ್ಕಾರಿ ಸಹಾಯವಾಣಿಯ 14416ಕ್ಕೆ ಕರೆ ಮಾಡು ಎಂದು ಗೆಳತಿಯೊಬ್ಬಳು ಹೇಳಿದ್ದಳು. ತಾರಸಿಯಲ್ಲಿ ಬಟ್ಟೆ ಒಣಗಹಾಕುತ್ತಾ ಮಾಡಿದೆ. ಕನ್ನಡದಲ್ಲೇ ಸಮಾಧಾನವಾಗಿ ಮಾತನಾಡಿದರು. ಚೆನ್ನಾಗಿ ನಿದ್ದೆ ಮಾಡಿ ಎಂದರು. ಎಲ್ಲಿಂದ ತರಲಿ ಆ ನಿದ್ದೆಯನ್ನು?

ಏಜೆನ್ಸಿಗಳು ಮನೆಯವರೊಂದಿಗೆ ಮಾಡಿಕೊಳ್ಳುವ ಕರಾರಿನಲ್ಲೇ ವಾರಕ್ಕೊಂದು ದಿನದ ಬದಲಿ ಆಳನ್ನು, ಅದರ ಖರ್ಚನ್ನು ಬರೆಯಲಿ. ಕಾರ್ಮಿಕ ಇಲಾಖೆ ಇದನ್ನು ಕಡ್ಡಾಯ ಮಾಡಲಿ. ಅಲ್ಲಿಯವರೆಗೆ ಮನೆಯವರಲ್ಲಿ ಒಬ್ಬರಾದರೂ ಈ ಕೆಲಸ ಕಲಿಯಲಿ ಎಂದು ಕೈಮುಗಿದು ಕೇಳುತ್ತೇನೆ. ಕೊನೆಗೂ ಧೈರ್ಯ ಮಾಡಿ ಕೇಳಿದ ಮೇಲೆ ಅಜ್ಜಿಯ ಮೊಮ್ಮಗ ಕಲಿತಿದ್ದಾನೆ. ದಿಂಬು ಎಲ್ಲೆಲ್ಲಿಡಬೇಕೆಂದು ಬರೆದು ಮಂಚದ ತಲೆಯ ಕಡೆ ಅಂಟಿಸಿಕೊಂಡಿದ್ದಾನೆ. ಹೋದ ಭಾನುವಾರ ನಾನು ಸುಂಕದಕಟ್ಟೆಯ ನನ್ನ ಮನೆಗೆ ಹೋಗಿ, ಸಂಜೆ ಐದರವರೆಗೆ ಮಲಗಿದ್ದೆ.

— ಒಬ್ಬ ಹೋಮ್ ನರ್ಸ್, ಬೆಂಗಳೂರು