ಹೆಸರುಗಳ ಸೂಚಿಯ ಸ್ವರೂಪ ಬದಲಾವಣೆ: ಗ್ರಾಹಕರಿಗೆ ಪತ್ರ

ಮಾನ್ಯ ಗ್ರಾಹಕರೇ,

ಮನೆಗಳಲ್ಲಿ ಉಳಿದಿರುವ ಶಾನುಭೋಗಿಕೆಯ (ಹಳ್ಳಿಯ ಲೆಕ್ಕ ಬರೆಯುವ ಹುದ್ದೆಯ) ಲೆಕ್ಕದ ಪುಸ್ತಕಗಳು, ಕಪ್ಪು ಬಟ್ಟೆಯ ಮಡಿಕೆ ಪುಸ್ತಕಗಳಾದ ಕಡತಗಳು, ಕ್ರಯಪತ್ರಗಳು ಮತ್ತು ವಂಶ ಹೇಳುವ ವೃತ್ತಿಯ ಹೆಳವರ ವಂಶಾವಳಿ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ, ಅವುಗಳಲ್ಲಿ ಬರುವ ಹೆಸರುಗಳ ಸೂಚಿಯನ್ನು ನಮ್ಮ ಸಹಕಾರ ಸಂಘವು ಅಂತರಜಾಲದಲ್ಲಿ ತಮಗೆ ಒದಗಿಸುತ್ತ ಬಂದಿದೆ. ಬರುವ ಯುಗಾದಿಯಿಂದ ಈ ಸೂಚಿಯ ಸ್ವರೂಪ ಬದಲಾಗಲಿದೆ. ಇದುವರೆಗೆ ‘ಹೆಸರು’, ‘ಕುಲನಾಮ’ ಎಂಬ ಎರಡು ಅಂಕಣಗಳಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ದಾಖಲಾಗುತ್ತಿದ್ದ ವ್ಯಕ್ತಿಗಳು ಇನ್ನು ಮುಂದೆ ಮೂಲದಲ್ಲಿ ಇರುವಂತೆಯೇ, ಕನ್ನಡ ಲಿಪಿಯಲ್ಲಿ, ತಂದೆಯ ಅಥವಾ ಗಂಡನ ಹೆಸರು, ಮನೆತನ ಅಥವಾ ಬೆಡಗು (ಕುಲದ ಒಳಪಂಗಡ), ಗ್ರಾಮ ಮತ್ತು ಕಾಲ ಇವುಗಳೊಡನೆ ದಾಖಲಾಗುತ್ತಾರೆ. ಇದರಿಂದ ತಮ್ಮ ಹುಡುಕಾಟದ ಕ್ರಮವೂ ಪುಟದ ದರವೂ ಬದಲಾಗುವುದರಿಂದ ಕಾರಣಗಳನ್ನು ವಿವರವಾಗಿ ತಿಳಿಸುವುದು ನಮ್ಮ ಕರ್ತವ್ಯ.

ಹೆಸರು ಮತ್ತು ಕುಲನಾಮದ ಮಾದರಿ ಯೂರೋಪಿನ ಚರ್ಚುಗಳ ಜ್ಞಾನಸ್ನಾನದ ದಾಖಲೆಗಳಿಗೆ ಮತ್ತು ಅಮೆರಿಕದ ಜನಗಣತಿಯ ಹಾಳೆಗಳಿಗೆ ಒಪ್ಪುವಂತೆ ಬೆಳೆದು ಬಂದದ್ದು. 1894ರಲ್ಲಿ ಆರಂಭವಾದ, ಅಮೆರಿಕದ ಉಟಾ ರಾಜ್ಯದ ವಂಶಾವಳಿ ಸಂಘವು 1938ರಿಂದ ಲೋಕದ ನಾನಾ ಕಡೆಯ ದಾಖಲೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸಿತು. ಇಂದು ಮಾರುಕಟ್ಟೆಯಲ್ಲಿ ಸಿಗುವ ವಂಶವೃಕ್ಷದ ತಂತ್ರಾಂಶಗಳಲ್ಲಿ ಬಹುಪಾಲು ಆ ಪರಂಪರೆಯಲ್ಲೇ ಬೆಳೆದಿವೆ. ಕುಲನಾಮ ಇರುವ ನಾಡಿನಲ್ಲಿ ಅವು ಚೆನ್ನಾಗಿ ಕೆಲಸ ಮಾಡುತ್ತವೆ. ಆದರೆ ಹಳೇ ಮೈಸೂರು ಸೀಮೆಯ ಒಂದು ಕಂದಾಯದ ಪುಸ್ತಕದಲ್ಲಿ ‘ಚಿಕ್ಕೇಗೌಡ ಬಿನ್ ಕೆಂಪೇಗೌಡ’ (ಕೆಂಪೇಗೌಡನ ಮಗ ಚಿಕ್ಕೇಗೌಡ) ಎಂಬ ಸಾಲು ಸಿಕ್ಕಾಗ ಕುಲನಾಮದ ಅಂಕಣದಲ್ಲಿ ಏನನ್ನು ತುಂಬಬೇಕು? ‘ಗೌಡ’ ಎಂದು ತುಂಬಿದರೆ ಅರ್ಧ ಊರು ಒಂದೇ ಕುಟುಂಬವಾಗುತ್ತದೆ. ತಂದೆಯ ಹೆಸರನ್ನು ತುಂಬಿದರೆ ತಲೆಮಾರಿಗೊಮ್ಮೆ ಕುಟುಂಬವೇ ಬದಲಾದಂತೆ ಕಾಣುತ್ತದೆ. ಮೊಮ್ಮಗನಿಗೆ ಅಜ್ಜನ ಹೆಸರಿಡುವ ನಮ್ಮ ಪದ್ಧತಿಯಿಂದಾಗಿ ಅದೇ ಗ್ರಾಮದ ಮುಂದಿನ ಪುಸ್ತಕದಲ್ಲಿ ‘ಕೆಂಪೇಗೌಡ ಬಿನ್ ಚಿಕ್ಕೇಗೌಡ’ ಬರುತ್ತಾನೆ, ಅದರ ಮುಂದಿನದರಲ್ಲಿ ಮತ್ತೆ ‘ಚಿಕ್ಕೇಗೌಡ ಬಿನ್ ಕೆಂಪೇಗೌಡ’. ಈ ಮೂವರನ್ನು ಬೇರ್ಪಡಿಸುವುದು ಜಮೀನಿನ ವಿವರ ಮತ್ತು ದಾಖಲೆಯ ಕಾಲವೇ ಹೊರತು ಹೆಸರಲ್ಲ. ಆದ್ದರಿಂದ ಹೊಸ ಸೂಚಿಯಲ್ಲಿ ‘ಬಿನ್’, ಇಂಥವರ ಹೆಂಡತಿ ಎಂದು ಹೇಳುವ ‘ಕೋಂ’, ಇನ್ನೊಂದು ಹೆಸರನ್ನು ಸೂಚಿಸುವ ‘ಉರುಫ್’, ಅದೇ ಅರ್ಥದ ಕರಾವಳಿಯ ‘ಯಾನೆ’ ಇವುಗಳನ್ನೆಲ್ಲ ಬಿಡದೆ ಉಳಿಸಿ, ಅವು ತೋರಿಸುವ ಸಂಬಂಧದ ಮೇಲೆಯೇ ಹುಡುಕುವ ಅನುಕೂಲ ಮಾಡಿದ್ದೇವೆ.

ಹೆಣ್ಣುಮಕ್ಕಳ ವಿಷಯದಲ್ಲಿ ಈ ಬದಲಾವಣೆ ಇನ್ನೂ ಅಗತ್ಯವಾಗಿತ್ತು. ‘ಸಣ್ಣಮ್ಮ ಕೋಂ ಮಾದಪ್ಪ’ ಎಂಬ ಸಾಲಿನಲ್ಲಿ ಸಣ್ಣಮ್ಮ ಗಂಡ ತೀರಿಕೊಂಡ ಮೇಲೆ ತಾನೇ ಕಂದಾಯ ಕಟ್ಟುತ್ತಿದ್ದ ಖಾತೆದಾರಳಾಗಿರಬಹುದು; ಹಳೆಯ ಅಂಕಣಗಳಲ್ಲಿ ಆಕೆ ಮಾದಪ್ಪನ ಹೆಸರಿನ ಕೆಳಗೆ ಸೇರಿಹೋಗುತ್ತಾಳೆ. ಕೆಲವು ಪುಟಗಳಲ್ಲಿ ಹೆಸರೂ ಇಲ್ಲದೆ ‘ಮಾದಪ್ಪನ ಹೆಂಡತಿ’ ಎಂದಷ್ಟೇ ಇರುತ್ತದೆ. ಅಂಥ ನಮೂದನ್ನೂ ಪ್ರತ್ಯೇಕ ವ್ಯಕ್ತಿಯೆಂದೇ ಎಣಿಸಿ ಸೂಚಿಯಲ್ಲಿ ಸೇರಿಸುತ್ತೇವೆ. ತಾಯಿಯ ಕಡೆಯ ವಂಶವನ್ನು ಹುಡುಕುವವರು ನಮ್ಮ ಗ್ರಾಹಕರಲ್ಲಿ ಕಡಿಮೆಯೇನಿಲ್ಲ.

ಕನ್ನಡ ಲಿಪಿಗೆ ಮರಳುವುದರಿಂದ ಕಾಗುಣಿತದ ತೊಡಕು ತಾನಾಗಿ ತೀರುವುದಿಲ್ಲ. ಒಬ್ಬನೇ ಶಾನುಭೋಗರು ಒಂದು ಪುಟದಲ್ಲಿ ‘ಲಿಂಗಯ್ಯ’ ಎಂದೂ ಮತ್ತೊಂದರಲ್ಲಿ ‘ಲಿಂಗೈಯ’ ಎಂದೂ ಬರೆದಿರುತ್ತಾರೆ. ‘ಪುಟ್ಟೆಗೌಡ’, ‘ಪುಟ್ಟೇಗೌಡ’ ಎಂಬ ಹ್ರಸ್ವ ದೀರ್ಘಗಳ ವ್ಯತ್ಯಾಸವನ್ನಂತೂ ಯಾರೂ ಗಣನೆಗೆ ತೆಗೆದುಕೊಂಡಂತೆ ಕಾಣುವುದಿಲ್ಲ. ಮೂಲದ ಬರಹವನ್ನು ತಿದ್ದದೆ, ಅದರ ಪಕ್ಕದಲ್ಲಿ ರೂಢಿಯ ರೂಪವನ್ನೂ ಇಟ್ಟಿರುತ್ತೇವೆ. ತಾವು ಯಾವ ರೂಪದಲ್ಲಿ ಹುಡುಕಿದರೂ ಎರಡೂ ಸಿಗುತ್ತವೆ. ಕನ್ನಡ ಓದಲು ಬಾರದ ಮಕ್ಕಳು, ಮೊಮ್ಮಕ್ಕಳು ಇರುವ ಹೊರದೇಶದ ಕುಟುಂಬಗಳಿಗಾಗಿ ಇಂಗ್ಲಿಷ್ ಅಕ್ಷರಗಳಲ್ಲಿ ಹುಡುಕುವ ಸೌಲಭ್ಯವೂ ಮುಂದುವರಿಯುತ್ತದೆ.

ಕಾಲದ ನಮೂದಿನಲ್ಲಿ ತಮಗೆ ಎದ್ದು ಕಾಣುವ ಬದಲಾವಣೆಯೊಂದಿದೆ. ಇನ್ನು ಮುಂದೆ ಒಂದೇ ಇಸವಿಯನ್ನು ಕೊಡುವ ಬದಲು, ಮೂಲದಲ್ಲಿ ಇದ್ದುದನ್ನೂ ಅದಕ್ಕೆ ಹೊಂದುವ ಇಸವಿಗಳನ್ನೂ ಕೊಡುತ್ತೇವೆ. ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡ, ಬಳ್ಳಾರಿ ಕಡೆಯ ಕಾಗದಗಳಲ್ಲಿ ಕಂದಾಯದ ಲೆಕ್ಕಕ್ಕೆ ಬಳಸುತ್ತಿದ್ದ ಫಸಲಿ ವರ್ಷ ಇರುತ್ತದೆ. ಫಸಲಿ 1310 ಎಂದರೆ 1900ರ ಜುಲೈಯಿಂದ 1901ರ ಜೂನ್‌ವರೆಗೆ. ಇದರಲ್ಲಿ ಗೊಂದಲವಿಲ್ಲ. ಆದರೆ ಶಕವರ್ಷವಿಲ್ಲದೆ ಬರೀ ‘ಕ್ರೋಧಿ ಸಂವತ್ಸರ’ ಎಂದಿದ್ದರೆ, ಸಂವತ್ಸರಗಳು ಅರವತ್ತು ವರ್ಷಕ್ಕೊಮ್ಮೆ ಮರಳಿ ಬರುವುದರಿಂದ, ಅದು 1844–45 ಆಗಬಹುದು, 1904–05 ಆಗಬಹುದು, 1964–65 ಕೂಡ ಆಗಬಹುದು. ಕಾಗದ, ಶಾಯಿ, ಲೆಕ್ಕ ಇರುವುದು ಹಳೆಯ ನಾಣ್ಯಗಳಾದ ವರಹ, ಹಣಗಳಲ್ಲೋ ರೂಪಾಯಿಗಳಲ್ಲೋ ಎಂಬುದು, ರುಜು ಹಾಕಿದ ಅಧಿಕಾರಿಯ ಹುದ್ದೆ ಇವುಗಳನ್ನು ನೋಡಿ ನಾವು ಒಂದನ್ನು ಆರಿಸಿದಾಗ ಅದು ನಮ್ಮ ಊಹೆ ಎಂದು ಪಕ್ಕದಲ್ಲೇ ಬರೆದಿರುತ್ತೇವೆ. ಊಹೆಯನ್ನು ಖಚಿತ ಇಸವಿಯೆಂದು ನಂಬಿ ವಂಶವೃಕ್ಷದಲ್ಲಿ ಬರೆದುಕೊಂಡರೆ ಮಗ ತಂದೆಗಿಂತ ಹಿರಿಯನಾಗುವ ಪ್ರಸಂಗ ಬರುತ್ತದೆ.

ಗ್ರಾಮದ ಹೆಸರನ್ನು ದಾಖಲೆಯ ಕಾಲದ ಹೋಬಳಿ, ತಾಲ್ಲೂಕುಗಳೊಡನೆ ಕೊಟ್ಟು, ಈಗ ಅದು ಎಲ್ಲಿಗೆ ಸೇರಿದೆ ಎಂಬುದನ್ನು ಜೊತೆಗೆ ತಿಳಿಸುತ್ತೇವೆ. ಬ್ರಿಟಿಷರ ಕಾಲದ ಕಾಗದಗಳಲ್ಲಿ ‘ಕ್ಲೋಸ್‌ಪೇಟೆ’ ಎಂದಿರುವುದು ಇಂದಿನ ರಾಮನಗರ. ಅದು ಬೆಂಗಳೂರು ಜಿಲ್ಲೆಯಲ್ಲಿದ್ದು, 1986ರಲ್ಲಿ ಬೆಂಗಳೂರು ಗ್ರಾಮಾಂತರಕ್ಕೆ ಸೇರಿ, 2007ರಲ್ಲಿ ತಾನೇ ಜಿಲ್ಲಾ ಕೇಂದ್ರವಾಯಿತು. ಕನ್ನಂಬಾಡಿಯಂತೆ, ಲಿಂಗನಮಕ್ಕಿಯ ಹಿನ್ನೀರಿನ ಊರುಗಳಂತೆ ಮುಳುಗಡೆಯಾದ ಗ್ರಾಮಗಳಿಗೆ ಹಳೆಯ ಹೆಸರೇ ಉಳಿಯುತ್ತದೆ.

ಈ ಕೆಲಸ ಏಕೆ ನಿಧಾನವಾಗಿ ನಡೆಯುತ್ತದೆ ಎಂದು ಕೇಳುವವರಿಗೆ ಕಡತವೊಂದನ್ನು ತೆರೆಯುವ ಬಗೆಯನ್ನು ಹೇಳುವುದು ಒಳ್ಳೆಯದು. ಹುಣಸೆಬೀಜದ ಅಂಟಿಗೆ ಇದ್ದಿಲಿನ ಕಪ್ಪು ಬೆರೆಸಿ ಬಟ್ಟೆಗೆ ಬಳಿದು, ಒಣಗಿಸಿ, ಮಡಿಕೆಗಳಾಗಿ ಮಡಚಿ, ಅದರ ಮೇಲೆ ಬಳಪದಿಂದ ಬರೆದ ಪುಸ್ತಕ ಅದು. ಬರಹ ಮೇಲ್ಮೈಯಲ್ಲಷ್ಟೇ ನಿಂತಿರುವುದರಿಂದ ಬೆರಳು ತಾಗಿದರೆ ಸಾಕು, ಅಂಕಿಯೊಂದು ಅಳಿಸಿಹೋಗುತ್ತದೆ. ಹಾಗಾಗಿ ಒಂದೊಂದೇ ಮಡಿಕೆಯನ್ನು ಅಂಚಿನಲ್ಲಿ ಹಿಡಿದು ಬಿಡಿಸಿ, ಮೇಲಿನಿಂದ ಬೆಳಕು ಬೀಳದಂತೆ ಪಕ್ಕದಿಂದ ದೀಪವಿಟ್ಟು, ಮೊದಲು ಚಿತ್ರ ತೆಗೆದು, ಆಮೇಲೆ ಪರದೆಯ ಮೇಲೆಯೇ ಓದುತ್ತೇವೆ. ಧೂಳು ಒರೆಸುವ ಆಸೆಯಿಂದ ಮನೆಯವರು ಒದ್ದೆ ಬಟ್ಟೆ ಹಾಕಿದ್ದರೆ ಮುಂದೆ ಓದಲು ಏನೂ ಉಳಿದಿರುವುದಿಲ್ಲ. ತಮ್ಮ ಮನೆಯಲ್ಲಿ ಕಡತವಿದ್ದರೆ ದಯವಿಟ್ಟು ಹಾಗೆಯೇ ಬಿಡಿ. ಇಂಥ ಪುಸ್ತಕಗಳು ಮನೆಗಳಲ್ಲಿ ಉಳಿದಿರುವುದಕ್ಕೆ ಶಾನುಭೋಗಿಕೆ ವಂಶಪಾರಂಪರ್ಯವಾಗಿದ್ದುದೇ ಕಾರಣ. 1961ರ ಗ್ರಾಮಾಧಿಕಾರಗಳ ರದ್ದಿಯಾತಿ ಕಾಯ್ದೆಯಿಂದ ಆ ಹುದ್ದೆಗಳು ಹೋದವು, ಪೆಟ್ಟಿಗೆಗಳು ಅಟ್ಟದಲ್ಲೇ ಉಳಿದವು.

ಇನ್ನು ಮುಂದೆ ಪ್ರತಿ ಪುಟವನ್ನೂ ಇಬ್ಬರು ಬೇರೆಬೇರೆಯಾಗಿ ಓದುತ್ತಾರೆ. ಇಬ್ಬರ ಓದು ಹೊಂದದಿದ್ದಲ್ಲಿ ಮೂರನೆಯವರು ನೋಡಿ ತೀರ್ಮಾನಿಸುತ್ತಾರೆ. ಅಮೆರಿಕದ 1950ರ ಜನಗಣತಿಯ ಹಾಳೆಗಳು 2022ರ ಏಪ್ರಿಲ್ 1ರಂದು ಬಿಡುಗಡೆಯಾದಾಗ ಕೈಬರಹ ಓದುವ ಯಂತ್ರವೇ ಮೊದಲ ಸೂಚಿಯನ್ನು ಸಿದ್ಧಪಡಿಸಿತ್ತು, ತಿದ್ದುವ ಕೆಲಸವನ್ನು ಜನ ಮಾಡಿದರು. ನಾವೂ ಹಾಗೆ ಮಾಡಬಾರದೇಕೆ ಎಂದು ಕೆಲವರು ಕೇಳಿದ್ದಾರೆ. ಒಂದೇ ನಮೂನೆಯಲ್ಲಿ ಮುದ್ರಿತವಾದ ಹಾಳೆಗಳಿಗೂ ಊರೂರಿಗೆ ಬೇರೆಯಾಗುವ ಮೋಡಿ ಅಕ್ಷರದ (ಕೂಡಿಸಿ ಬರೆಯುವ ಶೀಘ್ರ ಬರಹದ) ಲೆಕ್ಕಗಳಿಗೂ ಬಹಳ ಅಂತರವಿದೆ. ಸದ್ಯಕ್ಕೆ ನಮ್ಮ ದಾಖಲೆಗಳ ಮಟ್ಟಿಗೆ ಮನುಷ್ಯರ ಕಣ್ಣೇ ಹೆಚ್ಚು ನಂಬಿಕೆಗೆ ಅರ್ಹ ಎಂಬುದು ನಮ್ಮ ಅಭಿಪ್ರಾಯ.

ಹೆಳವರ ಪುಸ್ತಕಗಳಿಗೆ ಮಾತ್ರ ಬೇರೆ ನಿಯಮವಿದೆ. ಮನೆಮನೆಗೆ ಬಂದು ವಂಶವನ್ನು ಓದಿ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಣಿಕೆ ಪಡೆದು ಹೋಗುವುದು ಅವರ ವೃತ್ತಿ. ಪುಸ್ತಕ ಅವರ ಸ್ವತ್ತು. ಆ ಪುಟಗಳ ಚಿತ್ರವನ್ನು ಎಲ್ಲರಿಗೂ ತೆರೆದಿಟ್ಟರೆ ಅವರು ಬರುವ ಕಾರಣವನ್ನೇ ಕಿತ್ತುಕೊಂಡಂತಾಗುತ್ತದೆ. ಆದ್ದರಿಂದ ಸೂಚಿಯಲ್ಲಿ ಮನೆತನ, ಬೆಡಗು ಮತ್ತು ಮೂಲ ಗ್ರಾಮ ಇವಷ್ಟೇ ಕಾಣುತ್ತವೆ. ಪೂರ್ಣ ವಂಶಾವಳಿ ಬೇಕಾದವರನ್ನು ಆಯಾ ಹೆಳವರ ಕುಟುಂಬದೊಡನೆ ಮಾತನಾಡಿಸುತ್ತೇವೆ, ಸಂಭಾವನೆ ನೇರವಾಗಿ ಅವರಿಗೇ ಸಲ್ಲುತ್ತದೆ. ಬದುಕಿರುವವರ ಹೆಸರುಗಳು ಯಾವ ದಾಖಲೆಯಲ್ಲಿದ್ದರೂ ಸಾರ್ವಜನಿಕ ಹುಡುಕಾಟದಲ್ಲಿ ಕಾಣುವುದಿಲ್ಲ.

ಪದೇ ಪದೇ ಬರುವ ಎರಡು ಕೋರಿಕೆಗಳಿಗೂ ಇಲ್ಲೇ ಉತ್ತರಿಸುತ್ತೇವೆ. ಭಾರತದ ಜನಗಣತಿಯಲ್ಲಿ ಬರೆದುಕೊಂಡ ಕುಟುಂಬವಾರು ವಿವರಗಳನ್ನು ನಾವಾಗಲಿ ಬೇರಾರಾಗಲಿ ಕೊಡಲಾಗದು; 1948ರ ಜನಗಣತಿ ಕಾಯ್ದೆಯ ಪ್ರಕಾರ ಅವು ಪರಿಶೀಲನೆಗೆ ಮುಕ್ತವಲ್ಲ. ಎರಡನೆಯದಾಗಿ, ಪೌತಿ ಖಾತೆಗೋ (ತೀರಿಕೊಂಡವರ ಜಮೀನಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸಲು) ಆಸ್ತಿ ವಿಭಾಗಕ್ಕೋ ಬೇಕಾಗುವ ವಂಶವೃಕ್ಷದ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲೇ ಪಡೆಯಬೇಕು. ನಮ್ಮ ಸೂಚಿಯ ಪ್ರತಿ ಅದಕ್ಕೆ ಬದಲಿಯಲ್ಲ.

ದರದ ವಿಷಯ. ಎರಡು ಓದಿನ ಖರ್ಚು ಸೇರುವುದರಿಂದ, ಸ್ಕ್ಯಾನ್ ಮಾಡಿ ಸೂಚಿ ತಯಾರಿಸಲು ಪುಟಕ್ಕೆ ಈಗಿರುವ 20 ರೂಪಾಯಿ ಯುಗಾದಿಯಿಂದ 28 ರೂಪಾಯಿ ಆಗುತ್ತದೆ. ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ ಅನ್ವಯಿಸುತ್ತದೆ. ಹಿಂದೆ ಸೂಚಿ ಮಾಡಿಕೊಟ್ಟ ಪುಟಗಳನ್ನು ಹೊಸ ಕ್ರಮಕ್ಕೆ ತರಲು ಏನನ್ನೂ ಕೇಳುವುದಿಲ್ಲ. ಕರಾವಳಿ ಮತ್ತು ಬಳ್ಳಾರಿ ಕಡೆಯ ದಾಖಲೆಗಳನ್ನು ಮೊದಲು, ಉಳಿದವನ್ನು ಆಮೇಲೆ ಕೈಗೆತ್ತಿಕೊಳ್ಳುತ್ತೇವೆ. ತಾವು ಉಳಿಸಿಕೊಂಡ ಹಳೆಯ ಕೊಂಡಿಗಳು ಕೆಲಸ ಮಾಡುತ್ತಲೇ ಇರುತ್ತವೆ.

ತಮ್ಮ ಕುಟುಂಬದ ಪುಟ ಹೊಸ ಸೂಚಿಗೆ ಬಂದಾಗ ಪತ್ರದ ಮೂಲಕ ತಿಳಿಸುತ್ತೇವೆ. ಆಗ ಮನೆಯ ಹಿರಿಯರನ್ನು ಕೂರಿಸಿಕೊಂಡು ಒಮ್ಮೆ ನೋಡಿ, ನಾವು ‘ಊಹೆ’ ಎಂದು ಬರೆದಿರುವ ಕಡೆಗಳಲ್ಲಿ ಅವರಿಗೆ ಗೊತ್ತಿರುವುದನ್ನು, ಯಾರಿಂದ ಗೊತ್ತಾಯಿತು ಎಂಬುದರ ಸಹಿತ ನಮಗೆ ಬರೆದು ಕಳುಹಿಸಬೇಕೆಂದು ಕೋರುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಆಡಳಿತ ಮಂಡಳಿಯ ಪರವಾಗಿ